ದೊಡ್ಡ ಮೇಷ್ಟ್ರ ಹೊಸ ಪದ್ಧತಿ

ಜೂನ್ ೧೨, ಬುಧವಾರ

ಸಂಜೆ ನಮ್ಮ ಮನೆಯವರ ಶಾಲೆಯ ಲೆಕ್ಕದ ಟೀಚರ್ ದಾರಿಯಲ್ಲಿ ಸಿಕ್ಕಳು. ನನ್ನನ್ನು ನೋಡಿ ಸೈಕಲ್ಲಿನಿಂದ ಇಳಿದಳು. ಮುಖದ ತುಂಬ ಸಂತೋಷ.

"ಅಮ್ಮ, ಸರ್ ಇವತ್ತು ಮೂರನೇ ಕ್ಲಾಸಿನ ಬಾಗಿಲಲ್ಲಿ ನಿಂತ್ಕೊಂಡು ಎಲ್ಲ ಮಕ್ಕಳ ಮುಖಾನೂ ನೋಡಿದ್ರು. ಆಮೇಲೆ, 'ಒಬ್ಬೊಬ್ಬರಾಗಿ ನಿಮ್ಮ ಹೆಸರು ಹೇಳಿ, ಕೇಳೋಣ' ಅಂದ್ರು. ಯಾರ ಮನೆ ಬೆಕ್ಕು ಎಷ್ಟು ಮರಿ ಹಾಕಿದೆ ಅಂತ ಕೂಡ ಗೊತ್ತಿರೋ ಮನುಷ್ಯ ಹೆಸರು ಕೇಳ್ತಾರೆ ಅಂದ್ರೆ ಏನು? ಮಗು ತನ್ನ ಹೆಸರನ್ನ ತಾನೇ ಎದ್ದು ನಿಂತು ಹೇಳ್ಬೇಕು, ಅದಕ್ಕೆ ತನ್ನ ಮೇಲೆ ಧೈರ್ಯ ಬರ್ಬೇಕು ಅಂತ. ನಾಳೆಯಿಂದ ಎಲ್ಲ ಕ್ಲಾಸಲ್ಲೂ ಮಾಡಿಸ್ತೀನಿ."

ನಾನು ಹೂಂ ಅಂದೆ. ಬೇರೆ ಏನು ಅನ್ನಲಿ?

ಹೋದ ತಿಂಗಳು ದೊಡ್ಡಾಸ್ಪತ್ರೆಯ ನರದ ಡಾಕ್ಟರು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು. ಇದು ಮರೆವಿನ ಕಾಯಿಲೆ, ವಯಸ್ಸಿಗೆ ಮುಂಚೆ ಬಂದಿದೆ, ಮಾತ್ರೆಯಿಂದ ಸ್ವಲ್ಪ ನಿಧಾನ ಮಾಡಬಹುದು, ನಿಲ್ಲಿಸಲು ಆಗುವುದಿಲ್ಲ. ಬಸ್ಸಿನಲ್ಲಿ ಬರುವಾಗ ಇವರು ನನ್ನ ಕೈ ಹಿಡಿದುಕೊಂಡು, "ಶಾಲೇಲಿ ಈ ವರ್ಷ ಒಂದನ್ನ ದಾಟಿಸಿಬಿಡ್ತೀನಿ. ಯಾರಿಗೂ ಹೇಳ್ಬೇಡ. ದೇವರ ಮೇಲೆ ಆಣೆ ಮಾಡು" ಅಂದರು. ಮಾಡಿದೆ. ಮುಂದಿನ ವಾರ ನೋಡಿದರೆ ಆಸ್ಪತ್ರೆಗೆ ಹೋಗಿದ್ದೇ ಇವರಿಗೆ ನೆನಪಿಲ್ಲ. ಮಾತು ತೆಗೆದುಕೊಂಡವರು ಮರೆತರು. ಕೊಟ್ಟ ನಾನು ಮರೆಯುವ ಹಾಗಿಲ್ಲ.

ಯಾರಿಗೂ ಹೇಳಬೇಡ ಅಂದರು, ಬರೆಯಬೇಡ ಅನ್ನಲಿಲ್ಲ. ಮರದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಮಗಳು ಹಸುಗೂಸಿನ ತಾಯಿ, ದೂರದಲ್ಲಿದ್ದಾಳೆ, ಅವಳಿಗೂ ಹೇಳುವ ಹಾಗಿಲ್ಲ.

ಸ್ವಾಮಿ, ಯಾರಿಗೂ ಗೊತ್ತಾಗದ ಹಾಗೆ ನೋಡಿಕೋ.

ಜೂನ್ ೧೫, ಶನಿವಾರ

ಇವರ ಡಬ್ಬಿ ಕೊಡುವ ನೆಪ ಮಾಡಿಕೊಂಡು ಶಾಲೆಗೆ ಹೋದೆ. ಇಷ್ಟು ವರ್ಷ ಗೇಟಿನ ತನಕ ಹೋಗಿ ವಾಪಸ್ಸು ಬರುತ್ತಿದ್ದವಳು. ಹಳ್ಳಿಯಲ್ಲಿ ಏಳನೇ ಕ್ಲಾಸು ಓದಿದವಳಿಗೆ ಅಲ್ಲಿ ಏನು ಕೆಲಸ ಅಂತ.

ಒಳಗೆ ಹೋದರೆ ಸಂತೆಯ ಹಾಗೆ ಗಲಾಟೆ, ಆದರೆ ಯಾರೂ ಸುಮ್ಮನೆ ಓಡಾಡುತ್ತಿರಲಿಲ್ಲ. ಶನಿವಾರ ಊರಿನವರೇ ಅಲ್ಲಿ ಮೇಷ್ಟ್ರು. ಕ್ಷೌರಿಕ ಒಂದು ಕಡೆ ಕಣ್ಣಳತೆಯಲ್ಲೇ ಅಳೆಯುವುದು ಹೇಗೆ ಅಂತ ತೋರಿಸುತ್ತಿದ್ದ. ಗಾರೆ ಕೆಲಸದವಳು ಹುಡುಗಿಯರ ಕೈಯಲ್ಲಿ ಇಟ್ಟಿಗೆ ಜೋಡಿಸುತ್ತಿದ್ದಳು. ಬಸ್ ಡ್ರೈವರ್ ಸಿಟ್ಟು ಬಂದಾಗ ಹಾರ್ನ್ ಒತ್ತದೆ ಇರುವುದರ ಬಗ್ಗೆ ಪಾಠ ಮಾಡುತ್ತಿದ್ದ. ಈ ಡ್ರೈವರ್ ಶುಕ್ರವಾರ ಕುಡಿಯುವುದನ್ನು ಬಿಟ್ಟದ್ದು ಶನಿವಾರ ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರೆ ಅಂತ. ಅವನ ಹೆಂಡತಿ ಇವರನ್ನು ಕಂಡರೆ ಈಗಲೂ ಕಣ್ಣೊರೆಸಿಕೊಳ್ಳುತ್ತಾಳೆ. ಇದೆಲ್ಲ ಇವರೇ ಕಟ್ಟಿದ್ದು. ಬಂದಾಗ ಇಲ್ಲಿ ಸೋರುವ ತಗಡೊಂದು ಬಿಟ್ಟರೆ ಏನೂ ಇರಲಿಲ್ಲ.

ಎಲ್ಲ ಕೆಲಸಕ್ಕೂ ಅಲ್ಲಿ ಸರದಿ. ತೋಟದ ಸರದಿ, ಅಡುಗೆ ಸರದಿ, ಅಳುವ ಮಗುವಿನ ಹತ್ತಿರ ಕೂರುವ ಸರದಿ. ಭಾರ ಅನ್ನಿಸಿದ್ದನ್ನು ಒಬ್ಬರೇ ಹೊರಬಾರದು ಅನ್ನುವುದು ಇವರ ಕಟ್ಟುನಿಟ್ಟು.

ನನ್ನ ನಾದಿನಿಯೂ ಅಲ್ಲಿದ್ದಳು. ಹೊಲಿಗೆ ಅಂಗಡಿ ಮುಚ್ಚಿ, ಗುಂಡಿ ಹೊಲಿಯುವುದು ಕಲಿಸಲು ಬರುತ್ತಾಳೆ. "ಅತ್ತಿಗೆ, ನೀವೂ ಬಂದ್ರಾ? ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?" ಅಂದಳು. ಆಮೇಲೆ ಕಿವಿಯ ಹತ್ತಿರ ಬಂದು, "ಅಣ್ಣನ್ನ ನೋಡಿ, ಒಂದನೇ ಕ್ಲಾಸಲ್ಲಿ" ಅಂದಳು.

ಕಿಟಕಿಯಿಂದ ನೋಡಿದೆ. ಇವರು ಕಾಲು ಮಡಿಸಿಕೊಂಡು ಮಕ್ಕಳ ಪುಟ್ಟ ಕುರ್ಚಿಯಲ್ಲಿ ಕೂತಿದ್ದರು. ಕೈಯಲ್ಲಿ ಪೆನ್ಸಿಲು. ಟೀಚರ್ ಹೇಳಿದ ಹಾಗೆ ಬರೆಯುತ್ತಿದ್ದರು. ಆ ಮುಖ ನನಗೆ ಗೊತ್ತು. ಕೋಣೆ ತಪ್ಪಿ ಒಳಗೆ ಬಂದು, ಹೊರಗೆ ಹೇಗೆ ಹೋಗುವುದು ಅಂತ ತಿಳಿಯದೆ ಕೂತವರ ಮುಖ.

"ಎಂಥ ದೊಡ್ಡ ಮನಸ್ಸು ನೋಡಿ" ಅಂದಳು ನಾದಿನಿ.

ಜೂನ್ ೨೪, ಸೋಮವಾರ

ಈಗ ಎಲ್ಲ ಟೀಚರ್‌ಗಳೂ ವಾರಕ್ಕೊಂದು ಗಂಟೆ ಮಕ್ಕಳ ಕುರ್ಚಿಯಲ್ಲಿ ಕೂರಬೇಕಂತೆ. ಲೆಕ್ಕದ ಟೀಚರ್ ನಿಯಮ ಮಾಡಿದ್ದಾಳೆ. ಡ್ರಿಲ್ ಮೇಷ್ಟ್ರು ದಪ್ಪ, ಕುರ್ಚಿ ಮುರಿದರು. ಮಕ್ಕಳೇ ಮೊಳೆ ಹೊಡೆದು ಸರಿ ಮಾಡಿದರಂತೆ.

ನಗು ಬಂತು. ನಕ್ಕೆ ಕೂಡ. ಆಮೇಲೆ ದೇವರ ಮುಂದೆ ಕೂತು ತಪ್ಪಾಯಿತು ಅಂದೆ.

ನಾದಿನಿ ಸಂಜೆ ಬಂದಿದ್ದಳು. "ಅಣ್ಣ ನನ್ನನ್ನ 'ಅಮ್ಮ' ಅಂತ ಕರೆದ, ಅತ್ತಿಗೆ. ನಾನು ಥೇಟ್ ನಮ್ಮಮ್ಮನ ಹಾಗೇ ಆಗಿದ್ದೀನಂತೆ."

"ಹಾಗಂತ ಹೇಳಿದ್ರಾ?"

"ಹೇಳ್ಬೇಕಾ? ಕರೆದ ರೀತಿಯಲ್ಲೇ ಗೊತ್ತಾಗಲ್ವಾ? ನಮ್ಮ ಮನೆಯೋರು ಬಾಯಿ ಬಿಟ್ಟು ಹೊಗಳೋರಲ್ಲ."

ಅವಳು ಹೋದ ಮೇಲೆ ಇವರು ನನ್ನನ್ನು ಕೇಳಿದರು, "ಅಮ್ಮ ಊಟ ಮಾಡದೇ ಹೋದಳಲ್ಲ, ಯಾಕೆ?" ಅತ್ತೆ ತೀರಿಕೊಂಡು ಬಹಳ ವರ್ಷವಾಯಿತು. "ಅವರ ಊಟ ಆಗಿದೆ" ಅಂದೆ. ಏನು ಹೇಳಬೇಕು ಅಂತ ಯಾರೂ ನನಗೆ ಕಲಿಸಲಿಲ್ಲ.

ಜುಲೈ ೩, ಬುಧವಾರ

ಹೊರಗಿನ ಶಾಲೆಗಳಿಂದ ಮೇಷ್ಟ್ರುಗಳು ವ್ಯಾನು ಮಾಡಿಕೊಂಡು ನೋಡಲು ಬಂದಿದ್ದರು. ಇವರು ಐದನೇ ಕ್ಲಾಸಿಗೆ ಕಪ್ಪೆಯ ಕಥೆ ಹೇಳಿದರು. ಇದೇ ವಾರದಲ್ಲಿ ಇದೇ ಕಥೆ, ಇದೇ ಕ್ಲಾಸಿಗೆ, ಮತ್ತೆ ಮತ್ತೆ. ಪ್ರತಿ ಸಲವೂ ಕೊನೆ ಬೇರೆ. ಒಂದು ಸಲ ಕಪ್ಪೆ ಬಾವಿಯಿಂದ ಹೊರಗೆ ಬಂತು, ಒಂದು ಸಲ ಒಳಗೇ ಮನೆ ಕಟ್ಟಿತು. ಇವತ್ತು ಕಪ್ಪೆ ಎಲ್ಲಿಗೆ ಹೋಯಿತು ಅಂತ ಇವರಿಗೇ ಗೊತ್ತಾಗದೆ ನಿಲ್ಲಿಸಿ, "ಎಲ್ಲಿಗೆ ಹೋಗಿರಬಹುದು?" ಅಂತ ಮಕ್ಕಳನ್ನೇ ಕೇಳಿದರು.

ಮಕ್ಕಳು ಮುಗಿಬಿದ್ದು ಹೇಳಿದರು. ಬಂದವರು ಸರಸರ ಬರೆದುಕೊಂಡರು. ಅವರಲ್ಲೊಬ್ಬರು ಕೈ ಮುಗಿದು, "ನಾವು ಉತ್ತರ ಹೇಳಿಕೊಡ್ತೀವಿ ಸಾರ್, ನೀವು ಪ್ರಶ್ನೆ ಬಿಟ್ಟುಕೊಡ್ತೀರಿ" ಅಂದರು. ಇವರು ನಕ್ಕರು. ಆ ನಗು ಇನ್ನೂ ಹಳೆಯ ನಗುವೇ. ಅದೇ ಕಷ್ಟ. ನಗು, ಇಸ್ತ್ರಿ ಮಾಡಿದ ಅಂಗಿ, ಎದುರಿನವರಿಗೆ ಕುರ್ಚಿ ಎಳೆದು ಕೊಡುವುದು, ಇವು ಒಂದೂ ಹೋಗಿಲ್ಲ. ಇವನ್ನು ನೋಡಿದವರು ಒಳಗೂ ಎಲ್ಲ ಹಾಗೇ ಇದೆ ಅಂದುಕೊಳ್ಳುತ್ತಾರೆ.

ಬಂದವರಿಗೆ ನಾನೇ ಟೀ ಕೊಟ್ಟೆ. ಒಬ್ಬರು, "ಇಂಥವರ ಜೊತೆ ಬಾಳೋಕೆ ಪುಣ್ಯ ಬೇಕಮ್ಮ" ಅಂದರು. ಪುಣ್ಯ ಇದೆ. ಇಲ್ಲ ಅನ್ನುವುದಿಲ್ಲ.

ಜುಲೈ ೯, ಮಂಗಳವಾರ

ಬೆಳಿಗ್ಗೆ ಎಡಗಾಲಿನ ಶೂ ಬಲಗಾಲಿಗೆ. ಹೇಳಿದರೆ ಸಿಟ್ಟು. ಹಾಗೇ ಹೋದರು.

ಜುಲೈ ೧೫, ಸೋಮವಾರ

ಈ ಶುಕ್ರವಾರ ಇವರು ಮೂರನೇ ಕ್ಲಾಸಿನ ಮಕ್ಕಳನ್ನು ನಡೆಸಿಕೊಂಡು ರೈಲು ಗೇಟಿನ ಆಚೆ, ಕಲ್ಲಿನ ಕ್ವಾರಿಯ ಮೇಲೆ ಹಾದು, ನೀರಿನ ಟ್ಯಾಂಕಿನ ಗುಡ್ಡಕ್ಕೆ ಹೋಗುತ್ತಾರಂತೆ. ಪ್ರತಿ ವರ್ಷ ಹೋಗುವುದೇ. ಆದರೆ ಪ್ರತಿ ವರ್ಷ ಇಬ್ಬರು ಟೀಚರ್ ಜೊತೆಯಲ್ಲಿರುತ್ತಿದ್ದರು. ಈ ಸಲ "ನಾನೊಬ್ಬನೇ ಸಾಕು" ಅಂದಿದ್ದಾರಂತೆ. ಯಾಕೆ ಅಂದರೋ ಇವರಿಗೇ ಗೊತ್ತಿಲ್ಲ. ಆ ಕ್ವಾರಿಯಲ್ಲಿ ನೀರು ನಿಂತಿದೆ. ಬೇಲಿ ಇಲ್ಲ.

ನಿನ್ನೆ ಇವರು ನಮ್ಮ ಮನೆ ದಾಟಿ ಮುಂದೆ ಹೋಗಿ, ಬೇಕರಿಯ ಕಟ್ಟೆಯ ಮೇಲೆ ಕೂತಿದ್ದರು. ಬೇಕರಿಯವನು ಬ್ರೆಡ್ಡು ಕೊಟ್ಟು, ಯಾರಿಗೋ ಕಾಯುತ್ತಿದ್ದಾರೆ ಅಂದುಕೊಂಡನಂತೆ.

ಡಾಕ್ಟರ ಚೀಟಿಯನ್ನಾದರೂ ಯಾರಿಗಾದರೂ ತೋರಿಸೋಣವೆಂದರೆ, ಅದನ್ನು ಇವರೇ ಎಲ್ಲೋ ಭದ್ರವಾಗಿ ಇಟ್ಟಿದ್ದಾರೆ. ಎಲ್ಲಿ ಅಂತ ಇವರನ್ನೇ ಕೇಳಬೇಕು.

ಜುಲೈ ೧೭, ಬುಧವಾರ

ಆಣೆ ಮುರಿದೆ.

ಮೊದಲು ದೇವರ ಮುಂದೆ ಕೂತು, ಪಾಪ ಏನಿದ್ದರೂ ನನ್ನ ತಲೆಗೇ ಹಾಕು, ಮಕ್ಕಳ ತಲೆಗೆ ಬೇಡ ಅಂದೆ. ಆಮೇಲೆ ಶಾಲೆಗೆ ಹೋಗಿ, ಲೆಕ್ಕದ ಟೀಚರನ್ನು ನಲ್ಲಿಯ ಹತ್ತಿರ ಕರೆದು ಹೇಳಿದೆ. ಕಾಯಿಲೆಯ ಹೆಸರು ಹೇಳಿದೆ. ಡಾಕ್ಟರು ಹೇಳಿದ್ದು ಹೇಳಿದೆ. ಬೇಕರಿಯದ್ದೂ ಹೇಳಿದೆ.

ಅವಳು ನನ್ನ ಎರಡೂ ಕೈ ಹಿಡಿದುಕೊಂಡಳು. "ಅಮ್ಮ, ತಪ್ಪು ತಿಳೀಬೇಡಿ. ಸರ್ ತಲೇಲಿ ಹತ್ತು ವಿಷಯ ಓಡ್ತಿರುತ್ತೆ. ಮನೇಲಿ ಸಣ್ಣಪುಟ್ಟದ್ದು ಮರೀತಾರೆ, ನಿಜ. ಬೇಕರಿ ಕಟ್ಟೆ ಮೇಲೆ ಕೂತ್ರೆ ಬೀದಿ ನೋಡ್ತಿದ್ದಾರೆ ಅಂತ ನಾವು ತಿಳ್ಕೋತೀವಿ."

"ನನ್ನ ಹೆಸರೇ ಮರೀತಾರೆ ಕಣಮ್ಮ."

"ನಮ್ಮ ಯಜಮಾನ್ರಿಗೆ ನನ್ನ ಹುಟ್ಟಿದ ದಿನ ಇವತ್ತಿಗೂ ಗೊತ್ತಿಲ್ಲ" ಅಂದು ನಕ್ಕಳು. ಒಳ್ಳೆಯ ಹುಡುಗಿ. ಕೆಟ್ಟವಳಾಗಿದ್ದರೆ ಜಗಳವಾಡಬಹುದಿತ್ತು.

"ಹೋಗಲಿ, ಶುಕ್ರವಾರ ನೀನೂ ಜೊತೇಲಿ ಹೋಗು. ಅಷ್ಟಾದ್ರೂ ಮಾಡು."

"ಸರ್ ಬೇಡ ಅಂದಿದ್ದಾರಮ್ಮ. ದೊಡ್ಡವರ ಕಾವಲಿಲ್ದೆ ನಡೆಯೋದೂ ಮಕ್ಕಳು ಕಲೀಬೇಕಲ್ವಾ? ಅದೇ ಈ ಸಲದ ಪಾಠ."

ದೇವರ ಮೇಲಿನ ಆಣೆ ಮುರಿದು ಹೇಳಿದ ಮಾತು ನಲ್ಲಿಯ ನೀರಿನ ಜೊತೆ ಹರಿದು ಹೋಯಿತು.

ಜುಲೈ ೧೯, ಶುಕ್ರವಾರ

ಬೆಳಿಗ್ಗೆ ಇವರ ಶೂ ಬಚ್ಚಿಟ್ಟೆ. ಚಪ್ಪಲಿ ಹಾಕಿಕೊಂಡು ಹೋದರು. ಹೊಟ್ಟೆ ನೋವು ಅಂತ ಮಲಗಿ ನರಳಿದೆ. ಹಣೆ ಮುಟ್ಟಿ ನೋಡಿ, "ಮಲಗಿರು, ಬಂದು ಗಂಜಿ ಮಾಡಿಕೊಡ್ತೀನಿ" ಅಂದರು, ಹೋದರು.

ಹಿಂದೆಯೇ ಹೋದೆ. ಮೊಣಕಾಲು ನನ್ನ ಮಾತು ಕೇಳುವುದಿಲ್ಲ. ಮಕ್ಕಳು ಇಬ್ಬಿಬ್ಬರಾಗಿ ಕೈ ಹಿಡಿದು ಮುಂದೆ ಹೋಗುತ್ತಿದ್ದರು, ಇವರು ನಡುವೆ, ಒಂದು ತಲೆ ಎತ್ತರವಾಗಿ ಕಾಣುತ್ತಿತ್ತು. ಅವರು ಹಳಿ ದಾಟಿದರು. ನಾನು ಗೇಟಿನ ಹತ್ತಿರ ಬರುವಷ್ಟರಲ್ಲಿ ಗೇಟು ಬಿತ್ತು. ಗೂಡ್ಸ್ ರೈಲು. ಮುಗಿಯದಷ್ಟು ಉದ್ದ. ಡಬ್ಬಿಗಳ ಸಂದಿಯಲ್ಲಿ ಮೊದಲು ಮಕ್ಕಳ ಚೀಲಗಳು ಕಂಡವು, ಆಮೇಲೆ ಬರೀ ರಸ್ತೆ ಕಂಡಿತು. ಗೇಟು ಎದ್ದಾಗ ಯಾರೂ ಇರಲಿಲ್ಲ. ಗುಡ್ಡದ ದಾರಿಯಲ್ಲೂ ಇರಲಿಲ್ಲ. ಕ್ವಾರಿಯ ಅಂಚಿನ ತನಕ ಹೋಗಿ ನೀರು ನೋಡಿದೆ. ನೀರು ಸುಮ್ಮನಿತ್ತು. ಸುಮ್ಮನಿದ್ದದ್ದು ನೋಡಿಯೇ ಹೆದರಿಕೆ ಹೆಚ್ಚಾಯಿತು.

ಕೂಗಿದೆ. ಯಾರ ಹೆಸರು ಕೂಗಬೇಕು ಅಂತ ಕೂಡ ತಿಳಿಯಲಿಲ್ಲ. ಒಂದು ಮಗುವಿನ ಹೆಸರೂ ನನಗೆ ಗೊತ್ತಿರಲಿಲ್ಲ.

ವಾಪಸ್ಸು ಬಂದು ಗೇಟಿನವನ ಗೂಡಿನ ಮುಂದೆ ಕೂತೆ. ಅವನು ನೀರು ಕೊಟ್ಟ. "ದೊಡ್ಡ ಮೇಷ್ಟ್ರ ಜೊತೆ ಹೋಗಿದ್ದಾರಲ್ವಾ ತಾಯಿ, ಇನ್ನೇನು ಚಿಂತೆ?" ಅಂದ. ಊರಿಗೆ ಊರೇ ಇದೇ ಮಾತು. ನಾನು ಯಾವ ದೇವರನ್ನೂ ಬಿಡಲಿಲ್ಲ. ಕೊನೆಗೆ ಪದಗಳೇ ಬರಲಿಲ್ಲ, ಬರೀ ತುಟಿ ಅಲ್ಲಾಡುತ್ತಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ತಾಯಂದಿರು ಬಂದು ಸೇರಿಕೊಂಡರು. ಲೆಕ್ಕದ ಟೀಚರೂ ಬಂದಳು. ಅವಳ ಮುಖವೂ ಸ್ವಲ್ಪ ಬಿಳಿಚಿತ್ತು. ಆಗ ಹಳಿಯ ಪಕ್ಕದ ಕಾಲುದಾರಿಯಲ್ಲಿ ಸಾಲು ಕಂಡಿತು. ಇಬ್ಬಿಬ್ಬರಾಗಿ, ಹೋದ ಹಾಗೇ. ನಡುವೆ ಇವರು. ಒಂದು ಕೈಯನ್ನು ಒಬ್ಬಳು ಹಿಡಿದಿದ್ದಳು, ಇನ್ನೊಂದನ್ನು ಇನ್ನೊಬ್ಬ. ಚಪ್ಪಲಿ ಒಂದೇ ಕಾಲಲ್ಲಿತ್ತು. ಎಲ್ಲರೂ ಹಾಡುತ್ತಿದ್ದರು, ಇವರೂ.

ಮಕ್ಕಳು 'ಗಿಣಿ' ಅಂತ ಕರೆಯುವ ಹುಡುಗಿಯೊಬ್ಬಳು ಮುಂದೆ ಬಂದು ಜೋರಾಗಿ ಹೇಳಿದಳು. "ಸರ್‌ಗೆ ದಾರಿ ಮರೆತುಹೋಯ್ತು. ಗುಡ್ಡದ ಹಿಂದೆ ಎಲ್ಲೋ ಹೋಗಿಬಿಟ್ವಿ. ಆಮೇಲೆ ಹಳಿ ಎಲ್ಲಿಗೆ ಹೋಗುತ್ತೆ ಅಂತ ಯೋಚನೆ ಮಾಡಿ ನಾವೇ ಕರ್ಕೊಂಡು ಬಂದ್ವಿ."

ಸ್ವಾಮಿ, ಈಗಲಾದರೂ ಗೊತ್ತಾಗಲಿ ಅಂದುಕೊಂಡೆ.

ಡ್ರೈವರ್‌ನ ಹೆಂಡತಿ ಬಾಯಿಗೆ ಸೆರಗು ಹಿಡಿದು, "ಬೇಕೂಂತ ಮರೆತವರ ಹಾಗೆ ಮಾಡಿ, ಮಕ್ಕಳ ಕೈಲೇ ದಾರಿ ಹುಡುಕಿಸಿದ್ರಲ್ಲ" ಅಂದಳು. ಅಷ್ಟೇ ಸಾಕಾಯಿತು. ಚಪ್ಪಾಳೆ. ಲೆಕ್ಕದ ಟೀಚರ್ ಅತ್ತೇಬಿಟ್ಟಳು. "ಇಲ್ಲ, ನಿಜವಾಗ್ಲೂ ಮರೆತ್ರು" ಅಂತ ಗಿಣಿ ಇನ್ನೊಂದು ಸಲ ಹೇಳಿದಳು. ಅವಳ ತಾಯಿ ಕೆನ್ನೆ ಹಿಂಡಿದಳು.

ಮನೆಗೆ ಬಂದು ಇವರ ಕಾಲು ತೊಳೆದೆ. ಅಂಗಾಲಿನಲ್ಲಿ ಮುಳ್ಳಿತ್ತು. "ಎಲ್ಲಿಗೆ ಹೋಗಿದ್ರಿ?" ಅಂತ ಕೇಳಿದೆ. ಬಹಳ ಹೊತ್ತು ಯೋಚಿಸಿ, "ಚೆನ್ನಾಗಿತ್ತು" ಅಂದರು.

ಜುಲೈ ೨೦, ಶನಿವಾರ

ಶಾಲೆಗೆ ಹೋಗಿ ಗಿಣಿಯನ್ನು ಹುಡುಕಿದೆ. ಹುರುಳಿಯ ಬಳ್ಳಿಗೆ ಕಡ್ಡಿ ಊರುತ್ತಿದ್ದಳು. ಪಕ್ಕದಲ್ಲಿ ಹೋಗಿ ನಿಂತೆ.

"ಸರ್ ಮರೀತಾರೆ ಅಂತ ನಿಂಗೆ ಯಾವಾಗಿಂದ ಗೊತ್ತು?"

"ಎಲ್ರಿಗೂ ಗೊತ್ತು. ಮೂರನೇ ಕ್ಲಾಸಲ್ಲಿ ಎಲ್ರಿಗೂ." ಕಡ್ಡಿಯಿಂದ ಕಣ್ಣು ತೆಗೆಯಲಿಲ್ಲ. "ಅದಕ್ಕೇ ಸರದಿ ಹಾಕ್ಕೊಂಡಿದ್ದೀವಿ. ಸರ್ ಸರದಿ. ನಿನ್ನೆ ನಂದು ಮತ್ತೆ ಕುಳ್ಳಂದು. ಸರದಿ ಇರೋರು ಪಕ್ಕದಲ್ಲೇ ಇರ್ಬೇಕು, ಯಾರಾದ್ರೂ ಬಂದ್ರೆ ಮೆಲ್ಲಗೆ ಹೆಸರು ಹೇಳ್ಬೇಕು, ಬಾಗಿಲು ತಪ್ಪಿದ್ರೆ ಕೈ ಹಿಡ್ಕೋಬೇಕು."

"ಟೀಚರ್‌ಗೆ ಹೇಳ್ಲಿಲ್ವಾ?"

"ಕೇಳ್ಲಿಲ್ಲ. ನಿನ್ನೆ ಹೇಳಿದ್ವಲ್ಲ, ಚಪ್ಪಾಳೆ ತಟ್ಟಿದ್ರು."

ನಾನು ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟೆ. ಇಷ್ಟು ದಿನ ಒಬ್ಬಳೇ ಹೊರುತ್ತಿದ್ದೇನೆ ಅಂದುಕೊಂಡಿದ್ದೆನಲ್ಲ. ನನ್ನ ಮೊಣಕಾಲೆತ್ತರದ ಮಕ್ಕಳು ಇವರನ್ನು ಸರದಿಯ ಮೇಲೆ ಹೊತ್ತಿದ್ದರು.

"ಮನೇಲಿ ಯಾರ ಸರದಿ?" ಅಂತ ಕೇಳಿದಳು.

"ನಂದೇ."

"ದಿನಾನಾ?"

"ದಿನಾ."

"ಅದು ತಪ್ಪು" ಅಂದಳು ಗಿಣಿ. ಕಡ್ಡಿ ನನ್ನ ಕೈಗೆ ಕೊಟ್ಟು, ನೇರವಾಗಿ ಹಿಡಿದುಕೊಳ್ಳಲು ಹೇಳಿದಳು.

ಮಧ್ಯಾಹ್ನದ ತನಕ ಅಲ್ಲೇ ಇದ್ದೆ. ಎಲ್ಲ ಮಕ್ಕಳ ಹೆಸರೂ ಕೇಳಿ ತಿಳಿದುಕೊಂಡೆ. ಇನ್ನೊಂದು ಸಲ ಕೂಗಬೇಕಾಗಿ ಬಂದರೆ ಇರಲಿ ಅಂತ.

ಆಗಸ್ಟ್ ೨, ಶುಕ್ರವಾರ

ಶಾಲೆಯ ಕಮಿಟಿ ಅಧ್ಯಕ್ಷರ ಹತ್ತಿರ ಹೋಗಿದ್ದೆ. ಮರದ ಅಂಗಡಿಯವರೇ ಅಧ್ಯಕ್ಷರು. ಗರಗಸದ ಸದ್ದಿನಲ್ಲಿ ಮಾತು ಕೇಳುವುದಿಲ್ಲ ಅಂತ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ಹಲಗೆಗಳ ಮೇಲೆ ಕೂರಿಸಿದರು. ಎಲ್ಲ ಹೇಳಿದೆ. ಅಧ್ಯಕ್ಷರು ನಗಲಿಲ್ಲ.

"ನಂಗೆ ಅನುಮಾನ ಇತ್ತು, ತಂಗಿ" ಅಂದರು. "ಹೋದ ತಿಂಗಳು ಒಂದೇ ಬೆಂಚಿಗೆ ಅಳತೆ ಕೊಡೋಕೆ ಮತ್ತೆ ಮತ್ತೆ ಬಂದ್ರು. ಬಂದಷ್ಟು ಸಲಾನೂ ಮಾಡಿ ಕಳಿಸ್ದೆ."

"ಹಾಗಾದ್ರೆ ಹೇಳಿ ಅಣ್ಣ. ನೀವು ಹೇಳಿದ್ರೆ ಕೇಳ್ತಾರೆ."

ಅವರು ಹಲಗೆಯ ಮೇಲಿನ ಹೊಟ್ಟನ್ನು ಕೈಯಿಂದ ಸರಿಸುತ್ತ ಕೂತರು. "ಏನಂತ ಹೇಳ್ಲಿ? ಹೆಸರು ಹೇಳಿಸೋದು, ಕುರ್ಚಿ ಮೇಲೆ ಕೂರೋದು, ಗುಡ್ಡದ ದಾರಿ, ಇದನ್ನೆಲ್ಲ ನೋಡೋಕೆ ಜನ ಎಲ್ಲೆಲ್ಲಿಂದಲೋ ಬರ್ತಿದ್ದಾರೆ. ಅದು ಪದ್ಧತಿಯಲ್ಲ, ಕಾಯಿಲೆ ಅಂದ್ರೆ, ಮುಂಚಿನದ್ದೂ ಎಲ್ಲ ಕಾಯಿಲೇನೇ ಅಂತಾರೆ. ಡ್ರೈವರ್ ಕುಡಿಯೋದು ಬಿಟ್ಟದ್ದೂ ಸುಳ್ಳಾಗುತ್ತೆ. ಹತ್ತನೇ ತಾರೀಕು ಪೋಷಕರ ಸಭೆ ಇದೆ. ಹೊರಗಿನವರು ಬರ್ತಾರೆ. ಅದೊಂದು ಆಗಿಬಿಡ್ಲಿ."

"ಅಷ್ಟರಲ್ಲಿ ಏನಾದ್ರೂ ಆದ್ರೆ?"

"ಮಕ್ಕಳನ್ನ ಹೊರಗೆ ಕಳಿಸೋದಿಲ್ಲ. ಅಷ್ಟು ನೋಡ್ಕೋತೀನಿ." ಆಮೇಲೆ ನನ್ನ ಮುಖ ನೋಡದೆ, "ನನ್ನ ಮಗ ಮಾತಾಡ್ತಿರ್ಲಿಲ್ಲ, ನಿಮಗೆ ಗೊತ್ತಲ್ಲ. ಮೇಷ್ಟ್ರು ಅವನನ್ನ ಮಾತಾಡಿಸಿದ್ರು. ನನ್ನ ಬಾಯಲ್ಲಿ ಇದನ್ನ ಹೇಳಿಸ್ಬೇಡಿ" ಅಂದರು.

ನಂಬದವರ ಹತ್ತಿರವೂ ಉಪಯೋಗವಿಲ್ಲ, ನಂಬಿದವರ ಹತ್ತಿರವೂ ಉಪಯೋಗವಿಲ್ಲ. ಬರುವಾಗ ನಾದಿನಿಯ ಅಂಗಡಿಗೂ ಹೋಗಿ ಹೇಳಿದೆ. "ನಮ್ಮ ವಂಶದಲ್ಲಿ ಅಂಥದ್ದೆಲ್ಲ ಇಲ್ಲ" ಅಂದಳು. ಮಿಷನ್ ತುಳಿಯುವುದು ನಿಲ್ಲಿಸಲಿಲ್ಲ. ಆದರೆ ಸೂಜಿಯಲ್ಲಿ ದಾರ ಇರಲಿಲ್ಲ, ನಾನು ನೋಡಿದೆ.

ಆಗಸ್ಟ್ ೧೦, ಶನಿವಾರ

ಬರೆಯಲು ಕೈ ಓಡುತ್ತಿಲ್ಲ. ಆದರೂ ಬರೆಯುತ್ತೇನೆ.

ಶಾಲೆಯ ಅಂಗಳದಲ್ಲಿ ಸಭೆ. ಕುರ್ಚಿ ಸಾಲದೆ ಜನ ಗೋಡೆಯ ಮೇಲೂ ಕೂತಿದ್ದರು. ನನ್ನನ್ನು ಮುಂದಿನ ಸಾಲಿನಲ್ಲಿ, ನಾದಿನಿಯ ಪಕ್ಕದಲ್ಲಿ ಕೂರಿಸಿದ್ದರು. ಹೊರಗಿನಿಂದ ಬಂದ ದೊಡ್ಡವರು ಹೊಗಳಿದರು. ಇವರು ಎದ್ದು ನಿಂತಾಗ ನಾನು ಕಣ್ಣು ಮುಚ್ಚಿಕೊಂಡೆ.

ಎಷ್ಟು ಚೆನ್ನಾಗಿ ಮಾತಾಡಿದರು. "ಶಾಲೆಗೆ ಬರೋದು ಮಗುವಿನ ತಲೆ ಒಂದೇ ಅಲ್ಲ. ಕೈ ಬರುತ್ತೆ, ಕಾಲು ಬರುತ್ತೆ, ಹಸಿದ ಹೊಟ್ಟೆ ಬರುತ್ತೆ, ರಾತ್ರಿ ಅಪ್ಪ ಅಮ್ಮ ಆಡಿದ ಜಗಳ ಕೂಡ ಅದರ ಹಿಂದೇನೇ ಬಂದು ಬೆಂಚಲ್ಲಿ ಕೂತ್ಕೊಳ್ಳುತ್ತೆ. ತಲೆಗೊಂದಕ್ಕೆ ಪಾಠ ಮಾಡಿ ಮಿಕ್ಕಿದ್ದನ್ನ ಹೊರಗೆ ನಿಲ್ಲಿಸೋಕಾಗಲ್ಲ. ಅದಕ್ಕೇ ನಿಮ್ಮನ್ನೆಲ್ಲ ಕರೆದೆ. ನನ್ನೊಬ್ಬನ ಕೈಲಿ ಆಗೋ ಕೆಲಸ ಅಲ್ಲ ಇದು." ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ. ಮನಸ್ಸು ಸ್ವಲ್ಪ ಹಗುರವಾಯಿತು.

ಚಪ್ಪಾಳೆ ನಿಂತಿತು. ಇವರು ನೀರು ಕುಡಿದು, "ಶಾಲೆಗೆ ಬರೋದು ಮಗುವಿನ ತಲೆ ಒಂದೇ ಅಲ್ಲ" ಅಂತ ಶುರು ಮಾಡಿದರು. ಅದೇ ಮಾತು, ಅದೇ ಸಾಲು, ಅದೇ ಕಡೆ ನಗು. ಮತ್ತೆ ಚಪ್ಪಾಳೆ, ಸ್ವಲ್ಪ ತೆಳುವಾಗಿ. ಮತ್ತೆ ನೀರು. "ಶಾಲೆಗೆ ಬರೋದು ಮಗುವಿನ ತಲೆ ಒಂದೇ ಅಲ್ಲ." ಗೋಡೆಯ ಮೇಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಲೆಕ್ಕದ ಟೀಚರ್ ಬರೆಯುತ್ತಿದ್ದವಳು ಪೆನ್ನು ಕೆಳಗಿಟ್ಟಳು.

ನನಗೆ ಕೂರಲು ಆಗಲಿಲ್ಲ. ಎದ್ದು ವೇದಿಕೆಯ ಹತ್ತಿರ ಹೋಗಿ, "ಸಾಕು ಬನ್ನಿ, ಮನೆಗೆ ಹೋಗೋಣ" ಅಂದೆ. ಮೆಲ್ಲಗೆ ಅಂದೆ, ಆದರೆ ಮೈಕು ಅಲ್ಲೇ ಇತ್ತು. ಎಲ್ಲರಿಗೂ ಕೇಳಿಸಿತು.

ಇವರು ನನ್ನನ್ನು ನೋಡಿದರು. ಪೋಷಕರನ್ನು ನೋಡುವ ಹಾಗೆ, ಬಹಳ ಮರ್ಯಾದೆಯಿಂದ.

"ಬನ್ನಿ, ಬನ್ನಿ. ನೀವು ಯಾವ ಮಗುವಿನ ತಾಯಿ?"

ಯಾರೂ ನಗಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ಇದು ಯಾವ ಪದ್ಧತಿ ಅಂತ ಯಾರಿಗೂ ಹೊಳೆಯಲಿಲ್ಲ.

"ನಾನು ನಿಮ್ಮ ಹೆಂಡತಿ" ಅಂದೆ.

ಅವರು ತಲೆದೂಗಿದರು. ತಮ್ಮ ಕುರ್ಚಿಯನ್ನು ಎಳೆದು ನನ್ನ ಮುಂದೆ ಇಟ್ಟರು. "ನಿಂತೇ ಇದ್ದೀರಲ್ಲ ಪಾಪ. ಕೂತ್ಕೊಳ್ಳಿ" ಅಂದರು.

ಕೂತೆ. ಎಲ್ಲರ ಎದುರಿಗೆ, ಆ ಕುರ್ಚಿಯಲ್ಲಿ. ಹಿಂದಿನಿಂದ ನಾದಿನಿ ಅಳುವುದು ಕೇಳಿಸುತ್ತಿತ್ತು.

ಆಗಸ್ಟ್ ೧೪, ಬುಧವಾರ

ಶಾಲೆಯ ಕೀಲಿ ಲೆಕ್ಕದ ಟೀಚರ್ ಕೈಗೆ ಹೋಯಿತು. ಕೇಳಲು ಅವಳೂ ಅಧ್ಯಕ್ಷರೂ ಬಂದಿದ್ದರು. ಬಾಗಿಲಲ್ಲೇ ನಿಂತಿದ್ದರು, ಕೂರಿ ಅಂದರೂ ಕೂರಲಿಲ್ಲ. ಟೀಚರ್, "ಅಮ್ಮ, ನೀವು ಹೇಳಿದ ದಿನ ನಾನು..." ಅಂದಳು. "ಬಿಡಮ್ಮ" ಅಂದೆ. ಬಿಡುವುದೇನಿದೆ, ನನಗೂ ಇವರ ಬಾಯಲ್ಲಿ ಬಂದದ್ದೆಲ್ಲ ಒಳ್ಳೆಯದೇ ಅಂತ ಎಷ್ಟೋ ವರ್ಷ ಇತ್ತಲ್ಲ.

ಹೆಸರು ಹೇಳುವುದನ್ನು ನಿಲ್ಲಿಸಬೇಕೋ ಮುಂದುವರಿಸಬೇಕೋ ಅಂತ ಕೇಳಿದಳು. "ಮಕ್ಕಳಿಗೆ ಒಳ್ಳೇದಾಗಿದೆಯಾ?" ಅಂದೆ. "ಆಗಿದೆ. ಮಾತಾಡದೇ ಇದ್ದೋರೂ ಎದ್ದು ನಿಂತು ಹೇಳ್ತಾರೆ" ಅಂದಳು. "ಹಾಗಾದ್ರೆ ಯಾವ ಕಾರಣಕ್ಕೆ ಶುರುವಾಯ್ತು ಅಂತ ಯಾಕೆ ಕೇಳ್ತೀ?" ಅಂದೆ. ನಾನೇ ಹೀಗೆ ಅಂದೆನೋ ಅಂತ ಆಮೇಲೆ ನನಗೇ ಆಶ್ಚರ್ಯವಾಯಿತು.

ಇವರು ಬೆಳಿಗ್ಗೆಯಿಂದ ಅಂಗಿ ಹಾಕಿಕೊಂಡು, ಶೂ ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದಾರೆ. "ಇವತ್ತು ರಜೆ" ಅಂದೆ. ನಾಳೆಯೂ ಅದನ್ನೇ ಹೇಳಬೇಕು.

ಆಗಸ್ಟ್ ೨೦, ಮಂಗಳವಾರ

ರಜೆ, ರಜೆ, ರಜೆ. ದೇವರ ಮುಂದೆ ಕೂರಲು ನಾಚಿಕೆಯಾಗುತ್ತದೆ. ಕೇಳಲು ಏನೂ ತೋಚುವುದಿಲ್ಲ. ಕೂತು ಎದ್ದು ಬರುತ್ತೇನೆ.

ಆಗಸ್ಟ್ ೨೬, ಸೋಮವಾರ

ಶನಿವಾರ ನಾದಿನಿ ಇವರ ಹತ್ತಿರ ಕೂತಳು, ನಾನು ಶಾಲೆಗೆ ಹೋಗಿದ್ದೆ. ಮರೆತವರ ಜೊತೆ ಹೇಗಿರಬೇಕು ಅಂತ ಮೂರನೇ ಕ್ಲಾಸಿನವರು ಕೇಳಿದರು. ನನಗೆ ಪಾಠ ಮಾಡಲು ಬರುವುದಿಲ್ಲ. ಗೊತ್ತಿದ್ದಷ್ಟು ಹೇಳಿದೆ, ಅವರೂ ನನಗೆ ಹೇಳಿದರು. ಸುಳ್ಳು ಹೇಳಬೇಕಾ ಅಂತ ಒಬ್ಬ ಕೇಳಿದ. ನೀವೇನಂತೀರಿ ಅಂತ ಅವರನ್ನೇ ಕೇಳಿದೆ. ಊಟದ ಹೊತ್ತು ಮೀರಿದ್ದು ಗೊತ್ತೇ ಆಗಲಿಲ್ಲ.

ಇವತ್ತು ಬೆಳಿಗ್ಗೆ ಬೀದಿಯಲ್ಲಿ ಮಕ್ಕಳು ಚೀಲ ಹಾಕಿಕೊಂಡು ಹೋಗುತ್ತಿದ್ದರು. ಇವರು ಬಾಗಿಲಲ್ಲಿ ನಿಂತು ನೋಡಿದರು. ನನ್ನ ಕಡೆ ತಿರುಗಿ, "ಇವತ್ತೂ ರಜೆಯಾ?" ಅಂತ ಕೇಳಿದರು. ಕಣ್ಣಲ್ಲಿ ಅನುಮಾನವಿತ್ತು. ಕಣ್ಣೆದುರಿಗೇ ಮಕ್ಕಳು ಹೋಗುತ್ತಿರುವಾಗ ನನ್ನ ಬಾಯಿಗೆ ರಜೆ ಅನ್ನುವ ಮಾತು ಬರಲಿಲ್ಲ.

"ರಜೆ ಇಲ್ಲ" ಅಂದೆ. "ಶಾಲೆ ಇದೆ. ನಿಮಗೆ ಕಾಯಿಲೆ. ಎಲ್ಲ ಮರೆತುಹೋಗುತ್ತೆ. ನೀವು ಇನ್ನು ಹೋಗೋ ಹಾಗಿಲ್ಲ."

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಬೀಳುತ್ತಾರೇನೋ ಅಂತ ನಾನು ಹತ್ತಿರ ಹೋದೆ. ಬೀಳಲಿಲ್ಲ. ಬೀದಿ ಖಾಲಿಯಾಗುವ ತನಕ ಹಾಗೇ ನಿಂತಿದ್ದರು.

"ಮಕ್ಕಳು ಹೋಗಿದ್ದಾರಾ?"

"ಹೋಗಿದ್ದಾರೆ."

"ಎಲ್ಲರೂ?"

"ಎಲ್ಲರೂ ಹೋಗಿದ್ದಾರೆ."

"ಹಾಗಾದ್ರೆ ಸರಿ" ಅಂದರು. ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚತೊಡಗಿದರು. ದಾರ ಗಂಟಾಗಿತ್ತು. ನಾನೂ ಪಕ್ಕದಲ್ಲಿ ಕೂತು ಇನ್ನೊಂದು ಕಾಲಿನದ್ದನ್ನು ಬಿಚ್ಚಿದೆ.

ನಾಳೆ ಮತ್ತೆ ಇದನ್ನೇ ಹೇಳಬೇಕು.